ಕರೆಂಟ್ ನೋಡಿಕೊಳ್ಳುವವಳು

ನಾನು ಮದುವೆಯಾಗಿ ಮತ್ತಿಕೆರೆಯ ಮನೆಗೆ ಬಂದ ಎಂಟನೆಯ ತಿಂಗಳಿಗೆ ಆ ಮನೆಗೆ ಕರೆಂಟು ಬಂತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿನ ಕೆಲವು ಮನೆಗಳಲ್ಲಿ ಅದಕ್ಕೂ ಮೊದಲೇ ಬಲ್ಬು ಉರಿಯುತ್ತಿತ್ತು. ಆದರೆ ನಮ್ಮ ಮಾವ ಬರೀ ಬಲ್ಬಿಗೆ ಒಪ್ಪುವವರಲ್ಲ. ಅವರ ಹೊಲದ ಬಹುಪಾಲು ಬಡಾವಣೆಗೆ ಹೋಗಿತ್ತು. ಕೈಗೆ ಕೆಲಸವಿರಲಿಲ್ಲ, ಯಜಮಾನಿಕೆ ಮಾತ್ರ ಹಾಗೇ ಉಳಿದಿತ್ತು. ಪಟ್ಟಣದಲ್ಲಿ ಎ.ಇ.ಎಚ್. ಎಂಬ ಸಂಪರ್ಕ ಕೊಡುತ್ತಾರೆ, ಅದಿದ್ದ ಮನೆಯಲ್ಲಿ ಅಡುಗೆ, ಸ್ನಾನ, ಇಸ್ತ್ರಿ ಎಲ್ಲವೂ ಕರೆಂಟಿನಲ್ಲೇ ಎಂದು ಯಾರೋ ಅವರಿಗೆ ಹೇಳಿದರು. ಮೂರು ತಿಂಗಳು ಕರೆಂಟ್ ಆಫೀಸಿಗೆ ಅಲೆದು ಅದನ್ನೇ ಹಾಕಿಸಿದರು.

ಸಂಪರ್ಕ ಕೊಟ್ಟ ದಿನ ಅವರು ಹಾರೆ ಹಿಡಿದು ಅಡುಗೆಮನೆಗೆ ಬಂದು, ಮೂವತ್ತು ವರ್ಷ ಉರಿದಿದ್ದ ಮಣ್ಣಿನ ಒಲೆಯನ್ನು ತಾವೇ ಒಡೆದುಹಾಕಿದರು.

“ಇನ್ ಮ್ಯಾಲೆ ಈ ಮನೇಲಿ ಒಗೆ ಕಾಣಬಾರ್ದು,” ಅಂದರು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಒಗೆ ಓಗ್ಲಿ. ಒಲೆ ಏನ್ ಮಾಡಿತ್ತು ನಿಮ್ಗೆ?” ಎಂದು ಕೇಳಿದರು.

ಒಡೆದ ಒಲೆಯ ಜಾಗದಲ್ಲಿ ಕಲ್ಲು ಹಾಸಿ ಅದರ ಮೇಲೆ ಕರೆಂಟ್ ಒಲೆ ಇಟ್ಟರು. ಕಬ್ಬಿಣದ ಚೌಕಟ್ಟು, ಒಳಗೆ ಸುಟ್ಟ ಮಣ್ಣಿನ ಬಿಲ್ಲೆ, ಬಿಲ್ಲೆಯಲ್ಲಿ ಕೊರೆದ ಸಂದಿನೊಳಗೆ ಸುರುಳಿ ಸುರುಳಿಯಾಗಿ ಕೂತ ತಂತಿ. ಸ್ವಿಚ್ ಹಾಕಿದರೆ ತಂತಿ ನಿಧಾನವಾಗಿ ಕೆಂಪಾಗುತ್ತಿತ್ತು. ಬಚ್ಚಲಲ್ಲಿ ತಾಮ್ರದ ಬಾಯ್ಲರು ಬಂತು. ನಡುಮನೆಯ ಗೋಡೆಯ ಮೇಲೆ ಮರದ ಹಲಗೆ, ಅದರಲ್ಲಿ ಮೀಟರು, ಕಬ್ಬಿಣದ ಹಿಡಿಯ ಮೈನ್ ಸ್ವಿಚ್ಚು, ಪಿಂಗಾಣಿಯ ಫ್ಯೂಸು, ಒಲೆ ಬಾಯ್ಲರುಗಳ ಸ್ವಿಚ್ಚುಗಳು. ಅದರ ಕೆಳಗೆ ಇಸ್ತ್ರಿ ಪೆಟ್ಟಿಗೆಯ ಮೇಜು.

ನಾಲ್ಕನೆಯ ದಿನ ಅತ್ತೆಗೆ ಶಾಕ್ ಹೊಡೆಯಿತು. ಹಾಲು ಉಕ್ಕಿತ್ತು. ಪಾತ್ರೆಯನ್ನು ಸರಿಸಲು ಅವರು ಒದ್ದೆ ಕೈಯಲ್ಲಿ ಅಲ್ಯೂಮಿನಿಯಂ ಸೌಟು ಹಿಡಿದು ಚಾಚಿದರು, ಸೌಟಿನ ತುದಿ ಕೆಂಪು ತಂತಿಗೆ ತಾಗಿತು. ಬರಿಗಾಲು, ನೀರು ಚೆಲ್ಲಿದ ನೆಲ. ಹಿಂದಕ್ಕೆ ಬಿದ್ದು ಮೊಣಕೈ ಗೋಡೆಗೆ ಬಡಿಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಎರಡು ದಿನ ಅಡುಗೆಮನೆಗೆ ಕಾಲಿಡಲಿಲ್ಲ. “ಒಳ್ಗಡೆ ಯಾರೋ ಕೂತವ್ರೆ ಕಣಮ್ಮಿ. ಕೈ ಇಡ್ದು ಎಳ್ದಂಗಾಯ್ತು,” ಎಂದು ನನಗೆ ಹೇಳಿದರು.

ಮಾವ ಅಂದೇ ಅಪ್ಪಣೆ ಮಾಡಿದರು. ಇನ್ನು ಮುಂದೆ ಕರೆಂಟನ್ನು ಸೊಸೆ ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಸೊಸೆ ಓದಿದವಳು.

ಓದಿದವಳು ಎನ್ನುವುದು ನಿಜ. ನನ್ನ ತಂದೆ ಯಶವಂತಪುರ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದರು. ರೈಲ್ವೆ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಏಳುವುದು, ಓದುವುದು, ಊಟ, ನಿದ್ದೆ ಎಲ್ಲಕ್ಕೂ ವೇಳೆ ಬರೆದ ಕಾಗದ ಗೋಡೆಗೆ ಅಂಟಿಸಿತ್ತು. ಐದು ನಿಮಿಷ ತಡವಾದರೆ ತಂದೆ ಬೈಯುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು, ಅಷ್ಟೆ. ಆ ನೋಟಕ್ಕಿಂತ ಬೈಗುಳ ವಾಸಿ ಅನ್ನಿಸುತ್ತಿತ್ತು. ಅಲ್ಲಿ ಮೊದಲೇ ಕರೆಂಟಿತ್ತು. ಫ್ಯೂಸ್ ಕಟ್ಟುವುದನ್ನು ಅವರೇ ನನಗೆ ಹೇಳಿಕೊಟ್ಟಿದ್ದರು. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನ ಓದಿ, ಆಮೇಲೆ ಟೀಚರ್ಸ್ ಟ್ರೈನಿಂಗ್ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿದ ಮೇಲೆಯೇ ನನಗೆ ಮದುವೆಯಾದದ್ದು.

ಹೀಗೆ ಕರೆಂಟು ನನ್ನ ಪಾಲಿಗೆ ಬಂತು. ಮೊದಲು ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದವರಿಗೆಲ್ಲ ಮಾವ ನನ್ನನ್ನು ಕರೆದು ಸ್ವಿಚ್ ಹಾಕಿಸಿ ತೋರಿಸುತ್ತಿದ್ದರು. ಎರಡು ತಿಂಗಳಲ್ಲಿ ಆ ಹೆಮ್ಮೆ ಕರಗಿತು.

ನಾಲ್ಕೂವರೆಗೆ ಬಾಯ್ಲರು. ಐದೂಕಾಲಿಗೆ ಕಾಫಿ. ಐದೂವರೆಗೆ ಮಾವನ ಸ್ನಾನ. ನನ್ನ ಯಜಮಾನರು ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಅವರ ವೇಳೆಗೆ ತಕ್ಕಂತೆ ಸ್ನಾನ, ಊಟ, ಇಸ್ತ್ರಿ. ಹತ್ತಕ್ಕೆ ಅನ್ನ ಸಾರು. ಮಧ್ಯಾಹ್ನ ಮತ್ತೆ ಕಾಫಿ. ಸಂಜೆ ಬಲ್ಬು. ನನಗೆ ವೇಳಾಪಟ್ಟಿ ಹೊಸದಲ್ಲ. ಆದರೆ ತವರಿನ ವೇಳಾಪಟ್ಟಿಯಲ್ಲಿ ನಾವೆಲ್ಲರೂ ಇದ್ದೆವು. ಇಲ್ಲಿ ಅದರೊಳಗೆ ಇದ್ದವಳು ನಾನೊಬ್ಬಳೇ. ಅತ್ತೆ ಸೊಪ್ಪು ಸೋಸುತ್ತಿದ್ದರು, ಮುದ್ದೆ ತಿರುವುತ್ತಿದ್ದರು. ಆದರೆ ಒಲೆಯ ಮೇಲಿನ ಪಾತ್ರೆ ಇಳಿಸಬೇಕಾದರೂ “ಅಮ್ಮೀ, ಆರ್ಸು ಬಾ,” ಎಂದು ಕೂಗುತ್ತಿದ್ದರು. ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಕೈ ಒರೆಸಿಕೊಂಡು, ಮಣೆಯ ಮೇಲೆ ನಿಂತು ಸ್ವಿಚ್ ಆರಿಸಿ, ಮತ್ತೆ ಹೋಗಿ ಒಗೆಯಬೇಕು. ದಿನಕ್ಕೆ ಇಂಥವು ಎಷ್ಟೋ.

ತವರು ಮನೆ ಒಂದು ಮೈಲಿಯೂ ಇರಲಿಲ್ಲ. ಹಿತ್ತಿಲಲ್ಲಿ ನಿಂತರೆ ಯಶವಂತಪುರದಲ್ಲಿ ಗಾಡಿ ಹೊರಡುವ ಸಿಳ್ಳೆ ಕೇಳುತ್ತಿತ್ತು. ಯಾವ ಗಾಡಿ, ಎಷ್ಟು ನಿಮಿಷ ತಡ ಎಂದು ನಿಂತಲ್ಲೇ ಹೇಳಬಲ್ಲವಳಾಗಿದ್ದೆ. ಹಾಗಿದ್ದೂ ಅಲ್ಲಿ ಹೋಗಿ ಒಂದು ಹೊತ್ತು ಊಟ ಮಾಡಿ ಬರಲು ಆಗುತ್ತಿರಲಿಲ್ಲ. ಕರೆಂಟು ಹೋದ ದಿನಗಳಲ್ಲಾದರೂ ಬಿಡುವು ಸಿಗುತ್ತದೆ ಅಂದುಕೊಂಡರೆ, ಅದು ಯಾವಾಗ ಬಂದೀತೆಂದು ಬೋರ್ಡಿನ ಮುಂದೆ ಕಾದು ಕೂರುವುದೇ ಅಂದಿನ ಕೆಲಸವಾಗುತ್ತಿತ್ತು.

ಮದುವೆಯಾದ ಎರಡನೆಯ ವರ್ಷ ಕೆಲಸದ ಆರ್ಡರ್ ಬಂತು. ಜಕ್ಕೂರಿನ ಪ್ರೈಮರಿ ಸ್ಕೂಲು. ಹದಿನೈದು ದಿನದೊಳಗೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೊಡುತ್ತಾರೆ.

ನಾನು ಅದನ್ನು ಮಾವನ ಮುಂದೆ ಇಟ್ಟೆ. ಬೇಡ ಅನ್ನುತ್ತಾರೆ, ಅತ್ತು ಕರೆದು ಒಪ್ಪಿಸಬೇಕು ಎಂದು ತಯಾರಾಗಿದ್ದೆ. ಅವರು ಬೇಡ ಅನ್ನಲಿಲ್ಲ.

“ಸರ್ಕಾರಿ ಕೆಲ್ಸ. ಓಗು, ನಂದೇನೂ ಅಡ್ಡಿ ಇಲ್ಲ,” ಅಂದರು. ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಕೇಳಿದರು: “ಆದ್ರೆ ಕರೆಂಟ್ ಯಾರ್ ನೋಡ್ಕೊಳ್ತಾರೆ?”

ಅಷ್ಟೇ. ಕೂಗಾಟವಿಲ್ಲ, ಬಾಗಿಲಿಗೆ ಬೀಗವಿಲ್ಲ. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ಈ ಪ್ರಶ್ನೆಯ ಜೊತೆ ಹೇಗೆ ಜಗಳವಾಡುವುದು?

ನಮ್ಮ ಯಜಮಾನರನ್ನು ಕೇಳಿದೆ. “ನೀವು ದಿನಾ ಅಷ್ಟು ದೊಡ್ಡ ಮಿಷನ್ ಓಡಿಸ್ತೀರ. ಬೆಳಿಗ್ಗೆ ಈ ಬಾಯ್ಲರ್ ಒಂದು ಹಾಕಕ್ಕಾಗಲ್ವಾ?”

“ಅಲ್ಲಿ ಅದಕ್ಕೇ ಅಂತ ಎಲೆಕ್ಟ್ರೀಷಿಯನ್ ಇದಾನೆ ಕಣೇ. ನಾನು ಗುಂಡಿ ಒತ್ತೋದು ಅಷ್ಟೇ.”

“ಇಲ್ಲೂ ಗುಂಡಿ ಒತ್ತೋದೇ ಅಲ್ವಾ?”

“ಇಲ್ಲಿ ಎಲೆಕ್ಟ್ರೀಷಿಯನ್ ನೀನೇ ಅಲ್ವಾ?” ಎಂದು ನಕ್ಕರು. ಒಳ್ಳೆಯ ಮನುಷ್ಯ. ಆದರೆ ತಂದೆಯ ಮಾತಿಗೆ ಎದುರು ಹೇಳಿದ್ದನ್ನು ನಾನು ಎಂದೂ ಕೇಳಿಲ್ಲ.

ಉಳಿದವರು ಅತ್ತೆ. ಅವರ ಮುಂದೆ ಕೂತು ಆರ್ಡರ್ ಓದಿ ಹೇಳಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ಕಾಗದವನ್ನು ಕೈಗೆ ತೆಗೆದುಕೊಂಡು ಸೀಲಿನ ಮೇಲೆ ಬೆರಳಾಡಿಸಿದರು.

“ಇದು ನಿನ್ ಎಸ್ರಾ?”

“ಹೌದು ಅತ್ತೆ.”

“ಸರಿ. ಯೋಳ್ಕೊಡು. ಸತ್ರೆ ಸಾಯ್ತೀನಿ.”

ಮರುದಿನದಿಂದ ಪಾಠ ಶುರುಮಾಡಿದೆ. ಹನ್ನೊಂದರಿಂದ ಹನ್ನೆರಡು, ಮಾವ ಅರಳಿಕಟ್ಟೆಗೆ ಹೋಗಿರುವ ಹೊತ್ತು. ಟ್ರೈನಿಂಗಿನಲ್ಲಿ ಕಲಿತ ಹಾಗೆ ಮೊದಲು ಸಿದ್ಧಾಂತ, ಆಮೇಲೆ ಪ್ರಯೋಗ. ಒಂದೇ ಕರೆಂಟು ಬಲ್ಬಿನಲ್ಲಿ ಬೆಳಕಾಗುತ್ತದೆ, ಒಲೆಯಲ್ಲಿ ಶಾಖವಾಗುತ್ತದೆ, ಕಾರ್ಖಾನೆಯಲ್ಲಿ ಚಕ್ರ ತಿರುಗಿಸುತ್ತದೆ ಎಂದು ಹೇಳಿದೆ.

“ಅದೇ ಬಾವಿ ನೀರು ಮೆಣಸಿನ ಗಿಡಕ್ಕೆ ಓದ್ರೆ ಖಾರ, ದ್ರಾಕ್ಷಿಗೆ ಓದ್ರೆ ಸಿಹಿ. ಇದ್ಕೆ ಇಸ್ಕೂಲ್ ಬೇಕಾ?” ಅಂದರು.

ಆಗ ನನಗೆ ಬುದ್ಧಿ ಬಂತು. ಈ ಹೆಂಗಸು ಇಪ್ಪತ್ತೈದು ವರ್ಷ ತೋಟಕ್ಕೆ ನೀರು ಕಟ್ಟಿದವರು. ಯಾವ ಮಡಿಗೆ ಎಷ್ಟು ಹೊತ್ತು, ಯಾವ ಕಾಲುವೆ ಎಷ್ಟು ನೀರು ತಡೆಯುತ್ತದೆ ಎಂದು ಕಣ್ಣಳತೆಯಲ್ಲಿ ಹೇಳುವವರು. ನಾನು ಪುಸ್ತಕ ಮುಚ್ಚಿದೆ. ತಂತಿಯೇ ಕಾಲುವೆ, ಸ್ವಿಚ್ಚೇ ನೀರು ತಿರುಗಿಸುವ ಮಡೆ ಎಂದು ಶುರುಮಾಡಿದೆ. ಬಾಯ್ಲರಿಗೆ ಎರಡು ಸಾವಿರ ವಾಟ್, ಒಲೆಗೆ ಒಂದೂವರೆ ಸಾವಿರ, ಇಸ್ತ್ರಿಗೆ ನಾನೂರೈವತ್ತು ಅಂದರೆ ಕೈಯಾಡಿಸಿಬಿಟ್ಟರು.

“ವಾಟು ಗೀಟು ಬ್ಯಾಡ. ಯಾವ್ದು ಎಷ್ಟು ಕುಡೀತದೆ, ಅದ್ ಯೋಳು.”

ಹೇಳಿದೆ. ಒಂದೊಂದಕ್ಕೂ ಬೆರಳು ಮಡಿಸಿ, “ಬಾಯ್ಲರು ಎತ್ತು. ಒಲೆ ಅಸು. ಇಸ್ತ್ರಿ ಪೆಟ್ಗೆ ಕರು,” ಅಂದರು. ಅಲ್ಲಿಂದ ಮುಂದೆ ನಾವು ಆ ಹೆಸರುಗಳನ್ನೇ ಬಳಸಿದೆವು. ಯಾವ ಎರಡನ್ನಾದರೂ ಒಟ್ಟಿಗೆ ಬಿಡಬಹುದು. ಮೂರನ್ನೂ ಒಟ್ಟಿಗೆ ಬಿಟ್ಟರೆ ಹದಿನೇಳು ಆಂಪಿಯರ್ ದಾಟುತ್ತದೆ, ನಮ್ಮ ಮನೆಯ ತಂತಿ ಅಷ್ಟನ್ನು ತಡೆಯುವುದಿಲ್ಲ, ಫ್ಯೂಸ್ ಹೋಗುತ್ತದೆ.

“ಓದ್ರೆ?”

“ಫ್ಯೂಸಿನಲ್ಲಿ ಒಂದು ಸಣ್ಣ ಎಳೆ ಇರುತ್ತೆ ಅತ್ತೆ. ಹೆಚ್ಚು ಕರೆಂಟು ಹರಿದರೆ ಮೊದಲು ಅದೇ ಕಾದು ಕರಗಿ ತುಂಡಾಗುತ್ತೆ. ಅದು ತುಂಡಾದರೆ ಮನೆ ಉಳಿಯುತ್ತೆ.”

ಅವರ ಮುಖ ಅರಳಿತು. “ಕೆರೆ ಕೋಡಿ! ಏರಿ ಒಡೀದಂಗೆ ಎಚ್ಚಾದ ನೀರು ಅದ್ರಲ್ಲಿ ಓಯ್ತದೆ. ಅದನ್ ಮೊದ್ಲೇ ಯೋಳ್ಬಾರ್ದಾ? ನಮ್ಮೂರಲ್ಲಿ ಒಂದ್ಸಲ ನೀರು ಉಳೀಲಿ ಅಂತ ಯಾರೋ ಕೋಡಿಗೆ ಕಲ್ಲು ಮಣ್ಣು ತುಂಬಿದ್ರು. ಏರಿನೇ ಕಿತ್ಕೊಂಡ್ ಓಯ್ತು. ನಾನು ಚಿಕ್ಕೋಳು, ಕಣ್ಣಾರೆ ನೋಡಿವ್ನಿ.”

ಬೆಂಕಿ ಹತ್ತಿದರೆ ನೀರು ಹಾಕಬಾರದು, ಮೊದಲು ಮೈನ್ ಆರಿಸಬೇಕು, ಕೈಯಲ್ಲಿ ಒಣ ಮರ ಹಿಡಿಯಬೇಕು, ಕಾಲಡಿಯಲ್ಲಿ ಮಣೆ ಇರಬೇಕು ಎಂಬುದನ್ನೂ ಬಾಯಿಪಾಠ ಮಾಡಿಸಿದೆ. ಒಂಬತ್ತನೆಯ ದಿನಕ್ಕೆ ಅತ್ತೆ ಬಾಯ್ಲರ್ ಹಾಕಿದರು. ಹತ್ತನೆಯ ದಿನ ಒಲೆ. ಪ್ರತಿ ಸಲವೂ ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿ ಸ್ವಿಚ್ ಒತ್ತುತ್ತಿದ್ದರು, ಆಮೇಲೆ ಒಂದು ಕಣ್ಣು ಬಿಟ್ಟು ನೋಡುತ್ತಿದ್ದರು. ಇಸ್ತ್ರಿಯನ್ನೂ ಕಲಿತರು. ಆದರೆ ಫ್ಯೂಸ್ ಕಟ್ಟುವುದನ್ನು ಮಾತ್ರ ಕಲಿಯಲಿಲ್ಲ. ಆ ಪಿಂಗಾಣಿಯನ್ನು ಎಳೆದು ತೆಗೆದು, ಒಳಗಿನ ತಿರುಪು ಬಿಚ್ಚಿ, ಹೊಸ ಎಳೆ ಸುತ್ತುವ ಕೆಲಸ. “ಅದನ್ ಮಾತ್ರ ನಾ ಮುಟ್ಟಾಕಿಲ್ಲ,” ಅಂದವರು ಕದಲಲಿಲ್ಲ.

ನಾನು ಮಾವನಿಗೆ ತಿಳಿಸಿದೆ. ಅವರು ನಂಬಲಿಲ್ಲ. “ಯಾರು, ಇವ್ಳಾ? ಬೀದಿ ದೀಪ ಕಂಡ್ರೆ ದೂರದಿಂದ್ಲೇ ಕೈ ಮುಗಿಯೋಳು,” ಎಂದು ನಕ್ಕರು. ಆಮೇಲೆ ಒಂದು ಪರೀಕ್ಷೆ ಇಟ್ಟರು. ಒಂದು ಬೆಳಿಗ್ಗೆ ಪೂರ್ತಿ ನಾನು ಜಗಲಿಯ ಮೇಲೆ ಕೂರಬೇಕು, ಒಳಗೆ ಕಾಲಿಡಬಾರದು. ಎಲ್ಲವನ್ನೂ ಅತ್ತೆಯೇ ಮಾಡಬೇಕು. ಸರಿಹೋದರೆ ನಾನು ಜಕ್ಕೂರಿಗೆ, ಕೆಟ್ಟರೆ ಮನೆಯಲ್ಲಿ. ಗಡುವಿಗೆ ನಾಲ್ಕು ದಿನ ಉಳಿದಿತ್ತು.

ಈಗ ನನ್ನ ತಪ್ಪು.

ಆ ವಾರ ನಮ್ಮ ಯಜಮಾನರದು ಮೊದಲ ಪಾಳಿ. ಅವರಿಗೆ ಎರಡೇ ಜೊತೆ ಯೂನಿಫಾರ್ಮು. ಒಗೆದದ್ದನ್ನು ಸಂಜೆ ಇಸ್ತ್ರಿ ಮಾಡೋಣವೆಂದರೆ ಸಂಜೆ ವೋಲ್ಟೇಜು ಇಳಿದು ಬಲ್ಬೇ ಕೆಂಪಗಾಗುತ್ತಿತ್ತು, ಇಸ್ತ್ರಿ ಪೆಟ್ಟಿಗೆ ಅಂಗೈ ಬೆಚ್ಚಗಾಗುವಷ್ಟೂ ಕಾಯುತ್ತಿರಲಿಲ್ಲ. ಹಾಗಾಗಿ ಮಾವನ ಸ್ನಾನ, ಮಗನ ಊಟ, ಇಸ್ತ್ರಿ ಮೂರೂ ಬೆಳಗಿನ ಅರ್ಧ ಗಂಟೆಯೊಳಗೆ ಬೀಳುತ್ತಿದ್ದವು. ನಾನು ಬೋರ್ಡಿನ ಮುಂದೆ ನಿಂತು ಒಂದನ್ನು ಆರಿಸಿ ಇನ್ನೊಂದನ್ನು ಹಾಕಿ, ನಿಮಿಷ ಎಣಿಸಿ ನಿಭಾಯಿಸುತ್ತಿದ್ದೆ. ಅತ್ತೆಗೆ ಅಷ್ಟು ಚುರುಕು ಬಂದಿರಲಿಲ್ಲ. ಪರೀಕ್ಷೆಯ ದಿನ ಮೂರೂ ಒಟ್ಟಿಗೆ ಬಿದ್ದರೆ ಫ್ಯೂಸ್ ಹೋಗುತ್ತದೆ, ಫ್ಯೂಸ್ ಕಟ್ಟಲು ಅವರಿಗೆ ಬರುವುದಿಲ್ಲ, ನಾನು ಒಳಗೆ ಹೋಗುವಂತಿಲ್ಲ. ಅಲ್ಲಿಗೆ ಎಲ್ಲವೂ ಮುಗಿಯುತ್ತದೆ.

ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮೈನ್ ಆರಿಸಿ ಫ್ಯೂಸ್ ಬಿಚ್ಚಿದೆ. ವೈರಿಂಗ್ ಮಾಡಿದವನು ಬಿಟ್ಟುಹೋಗಿದ್ದ ತುಂಡು ವೈರಿನ ಸಿಪ್ಪೆಯನ್ನು ಈಳಿಗೆಮಣೆಯಲ್ಲಿ ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಮೂರು ಸುತ್ತು ಹೊಸೆದು, ಸಣ್ಣ ಎಳೆಯ ಬದಲು ಅದನ್ನು ಹಾಕಿ ತಿರುಪು ಬಿಗಿದೆ. ಇನ್ನು ಈ ಫ್ಯೂಸ್ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹೋಗದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅದನ್ನು ನಾನೇ ಪಾಠ ಮಾಡಿದ್ದೆ. ಒಂದೇ ಬೆಳಿಗ್ಗೆ, ಅರ್ಧ ಗಂಟೆ, ಸಂಜೆ ತೆಗೆದುಬಿಡುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡೆ. ಅತ್ತೆಗೆ ಹೇಳಲಿಲ್ಲ.

ಬೆಳಿಗ್ಗೆ ಜಗಲಿಯ ಮೇಲೆ ಕೂತೆ. ಕೈಗೆ ಕೆಲಸವಿಲ್ಲದೆ ಕೂತು ನನಗೆ ಅಭ್ಯಾಸವಿಲ್ಲ. ಒಳಗಿನ ಸದ್ದುಗಳಿಂದಲೇ ಎಲ್ಲವನ್ನೂ ಅಳೆಯುತ್ತಿದ್ದೆ. ಬಾಯ್ಲರಿನ ಸ್ವಿಚ್ಚು. ಸರಿಯಾದ ವೇಳೆ. ಒಲೆಯ ಸ್ವಿಚ್ಚು. ಎರಡು ನಿಮಿಷ ತಡ. ಕಾಫಿ ವಾಸನೆ ಬಂತು. ಮಾವ ಕುಡಿದು, “ಪರ್ವಾಗಿಲ್ಲ,” ಅಂದದ್ದು ಕೇಳಿತು. ನನ್ನ ಎದೆ ಸ್ವಲ್ಪ ಹಗುರಾಯಿತು.

ಆಮೇಲೆ ಗದ್ದಲ ಶುರುವಾಯಿತು.

“ನೀರು ಇನ್ನೂ ತಣ್ಣಗೈತಲ್ಲೇ!” ಬಚ್ಚಲಿನಿಂದ ಮಾವ.

“ಅಮ್ಮಾ, ನನ್ನ ಶರ್ಟು? ಟೈಮಾಯ್ತು!” ನಡುಮನೆಯಿಂದ ನಮ್ಮ ಯಜಮಾನರು.

“ತಡೀರಪ್ಪ, ನಂಗಿರೋದು ಎರಡೇ ಕೈ!” ಅತ್ತೆ.

ಇಸ್ತ್ರಿಯ ಸ್ವಿಚ್ಚಿನ ಸದ್ದು ಬಂತು. ಬಾಯ್ಲರು ಆರಿಸಿದ ಸದ್ದು ಬರಲಿಲ್ಲ. ಒಲೆಯ ಮೇಲೆ ಅನ್ನ ಕುದಿಯುತ್ತಲೇ ಇತ್ತು. ಎತ್ತು, ಹಸು, ಕರು ಮೂರೂ ಬಿಟ್ಟಾಗಿತ್ತು. ನಾನು ಎದ್ದು ನಿಂತೆ. ಒಳಗೆ ಕಾಲಿಟ್ಟರೆ ಪರೀಕ್ಷೆ ಮುಗಿಯಿತು. ಕೂತೆ. ಐದು ನಿಮಿಷ ಏನೂ ಆಗುವುದಿಲ್ಲ ಅಂದುಕೊಂಡೆ. ಆ ಐದು ನಿಮಿಷ ಹೊಸ್ತಿಲ ಹೊರಗೆ ಕೂತಿದ್ದೆನಲ್ಲ, ಅದು ಈಗಲೂ ನನ್ನನ್ನು ಬಿಟ್ಟಿಲ್ಲ. ಒಳಗಿದ್ದಾಗಲೂ ನಾನು ಅಷ್ಟು ಕಟ್ಟುಬಿದ್ದಿರಲಿಲ್ಲ.

ಮೊದಲು ಬಂದದ್ದು ವಾಸನೆ. ರಬ್ಬರು ಸುಟ್ಟ ವಾಸನೆ. ಆಮೇಲೆ ಬೋರ್ಡಿನಿಂದ ಸೂರಿನವರೆಗೆ ವೈರು ಎಳೆದಿದ್ದ ಮರದ ಪಟ್ಟಿಯ ಸಂದಿಯಿಂದ ಹೊಗೆ. ನಾನು ಹೊಸ್ತಿಲು ದಾಟಿ ಓಡಿದೆ. ನಾನು ತಲುಪುವ ಮೊದಲೇ ಮಾವ ಪಂಚೆ ಸುತ್ತಿಕೊಂಡು ಬಕೆಟ್ ನೀರು ಎತ್ತಿ ನಡುಮನೆಗೆ ನುಗ್ಗಿದ್ದರು.

“ನೀರ್ ಆಕ್ಬ್ಯಾಡಿ! ಸತ್ತೋಯ್ತೀರ!” ಅತ್ತೆ ಅಷ್ಟು ಜೋರಾಗಿ ಕೂಗಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. ಮಾವ ಬಕೆಟ್ ಹಿಡಿದು ನಿಂತಲ್ಲೇ ನಿಂತರು. ಅತ್ತೆ ಕಾಲಿನಲ್ಲೇ ಮಣೆಯನ್ನು ಎಳೆದುಕೊಂಡು ಅದರ ಮೇಲೆ ಹತ್ತಿ, ಕೈಯಲ್ಲಿದ್ದ ಮುದ್ದೆ ಕೋಲಿನಿಂದ ಮೈನ್ ಸ್ವಿಚ್ಚಿನ ಹಿಡಿಯನ್ನು ಒಂದೇ ಏಟಿಗೆ ಕೆಳಗೆ ಬಡಿದರು. ಈ ಸಲ ಕಣ್ಣು ಮುಚ್ಚಿರಲಿಲ್ಲ.

ಹೊಗೆ ಸ್ವಲ್ಪ ಹೊತ್ತು ಬಂದು ನಿಂತಿತು. ಎರಡು ಗೇಣು ಪಟ್ಟಿ ಕಪ್ಪಾಗಿತ್ತು. ಅದಕ್ಕೆ ಒಂದು ಮೊಳ ಮೇಲೆ ಸೂರಿನ ಬಿದಿರು.

ನಮ್ಮ ಯಜಮಾನರು ಇಸ್ತ್ರಿಯಾಗದ ಶರ್ಟನ್ನೇ ಹಾಕಿಕೊಂಡು, ವೈರಿಂಗ್ ಮಾಡಿದವನಿಗೆ ಸುದ್ದಿ ಮುಟ್ಟಿಸಿ ಕೆಲಸಕ್ಕೆ ಹೋದರು. ಅವನು ಎಂಟು ಗಂಟೆಗೆ ಸೈಕಲ್ಲಿನಲ್ಲಿ ಬಂದ. ಮಾವ ಅವನನ್ನು ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು. “ಏನಯ್ಯಾ, ಮನೆ ಸುಡಾಕೆ ವೈರು ಎಳ್ದಿದ್ದಾ?”

ಅವನು ಫ್ಯೂಸ್ ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿದ. “ನನ್ನ ಯಾಕ್ ಬೈತೀರ ಯಜಮಾನ್ರೇ? ಇದು ನಾನು ಹಾಕಿದ್ದಲ್ಲ. ನೋಡಿ, ತಾಮ್ರಾನ ಹಗ್ಗ ಹೊಸೆದಂಗೆ ಹೊಸೆದವ್ರೆ. ಇದ್ ಎಲ್ಲಿ ಕರಗುತ್ತೆ? ಫ್ಯೂಸ್ ಹೋಗೋ ಬದ್ಲು ಮನೆ ಹೋಗ್ತಿತ್ತು. ಯಾರ್ ಮಾಡಿದ್ದು?”

ಅತ್ತೆ ನನ್ನನ್ನು ನೋಡಿದರು. ಅವರಿಗೆ ಗೊತ್ತಾಗಿಬಿಟ್ಟಿತ್ತು. ಮೂರನ್ನೂ ಒಟ್ಟಿಗೆ ಬಿಟ್ಟದ್ದು ಅವರು ಮರೆತು ಅಲ್ಲ, ಹೆಚ್ಚಾದರೆ ಕೋಡಿ ಹರಿದು ತಾನೇ ನಿಲ್ಲುತ್ತದೆ ಎಂಬ ಧೈರ್ಯದ ಮೇಲೆ. ಆ ಧೈರ್ಯ ಕೊಟ್ಟವಳು ನಾನು. ಕೋಡಿ ಮುಚ್ಚಿದವಳೂ ನಾನು.

“ನಾನೇ ಆಕ್ದೆ,” ಅಂದರು ಅತ್ತೆ.

“ನೀನಾ?” ಮಾವ ತಿರುಗಿದರು.

“ಊಂ. ಗಟ್ಟಿಯಾಗಿರ್ಲಿ ಅಂತ ಆಕ್ದೆ. ನಂಗೇನ್ ಗೊತ್ತು?”

ಅವರು ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಅದು. ಮಾವನ ಮುಖದಲ್ಲಿ ಸಿಟ್ಟಿಗಿಂತ ನೆಮ್ಮದಿಯೇ ಹೆಚ್ಚು ಕಂಡಿತು. “ಗಟ್ಟಿಯಾಗಿರ್ಲಿ ಅಂತ! ಇಂಥೋಳ ಕೈಗೆ ಮನೆ ಕೊಟ್ಟು ಸೊಸೇನ ಇಸ್ಕೂಲಿಗೆ ಕಳಿಸ್ಬೇಕಾ? ಮುಗೀತು ಪರೀಕ್ಷೆ. ಅಮ್ಮೀ, ಜಕ್ಕೂರಿಗೆ ಒಂದು ಕಾಗ್ದ ಬರ್ದಾಕು, ಬರಾಕಾಗಲ್ಲ ಅಂತ.”

ಅತ್ತೆಯ ಮುಖ ಬಾಡಿತು. ನನಗೆ ಬಾಗಿಲು ತೆಗೆಯಲು ಹೋಗಿ, ತಾವೇ ಅದನ್ನು ಮುಚ್ಚಿಬಿಟ್ಟಿದ್ದರು. ನಾನು ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಓದಿದವಳು, ತಪ್ಪು ಮಾಡದವಳು, ಕರೆಂಟ್ ಬಲ್ಲವಳು ಎಂದು ಆ ಮನೆಯೊಳಗೆ ಕೊನೆಯವರೆಗೂ ಇರಬಹುದಿತ್ತು. ವೈರಿಂಗಿನವನು ನಮ್ಮ ಮೂವರನ್ನೂ ಸರದಿಯ ಮೇಲೆ ನೋಡುತ್ತಿದ್ದ.

“ಮಾವ, ಅತ್ತೆ ಫ್ಯೂಸ್ ಮುಟ್ಟಿಲ್ಲ,” ಅಂದೆ. “ಅದನ್ನ ಬಿಚ್ಚಕ್ಕೆ ಅವರಿಗೆ ಬರೋದೇ ಇಲ್ಲ. ನಿನ್ನೆ ಮಧ್ಯಾಹ್ನ ನಾನೇ ಹಾಕಿದ್ದು. ಪರೀಕ್ಷೆಯಲ್ಲಿ ಫ್ಯೂಸ್ ಹೋಗಬಾರದು ಅಂತ. ಇವತ್ತು ಮನೆ ಉಳಿದದ್ದು, ನೀವು ಉಳಿದದ್ದು ಅತ್ತೆಯಿಂದ.”

ಮಾವ ನನ್ನನ್ನೇ ನೋಡಿದರು. ನನ್ನ ತಂದೆ ಗಡಿಯಾರ ನೋಡಿದ ಹಾಗೆ.

“ಓದ್ದೋಳು,” ಅಂದರು. “ಇಸ್ಕೂಲಲ್ಲಿ ಮಕ್ಳಿಗೂ ಇದ್ನೇ ಯೋಳ್ಕೊಡ್ತೀಯಾ?”

ವೈರಿಂಗಿನವನಿಗೆ ನಗು ತಡೆಯಲಾಗಲಿಲ್ಲ. ನನ್ನ ಕಿವಿ ಸುಟ್ಟಿತು. ಎಂದೂ ಹಾಗೆ ತಲೆ ತಗ್ಗಿಸಿ ನಿಂತವಳಲ್ಲ ನಾನು.

“ಇವತ್ತಿಂದ ನೀನು ಈ ಮನೇಲಿ ಒಂದು ಸ್ವಿಚ್ಚೂ ಮುಟ್ಟಾಂಗಿಲ್ಲ,” ಎಂದು ಮಾವ ಅಪ್ಪಣೆ ಮಾಡಿದರು. “ನಿಮ್ಮತ್ತೆನೇ ನೋಡ್ಕೊಳ್ಲಿ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಅಂಗಾದ್ರೆ ಇವ್ಳು ಅಗಲೆಲ್ಲ ಮನೇಲಿದ್ದು ಏನ್ ಮಾಡ್ತಾಳೆ? ಸುಮ್ನೆ ಕೂರ್ಸಿ ಅನ್ನ ಆಕ್ಬೇಕಾ? ಇಸ್ಕೂಲಿಗಾದ್ರೂ ಓಗ್ಲಿ.”

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಮಾವನಿಗಿರಲಿಲ್ಲ, ಅದೂ ಹೊರಗಿನವನ ಎದುರಿಗೆ. ಎಲೆ ಅಡಿಕೆ ತಟ್ಟೆ ಹುಡುಕಿಕೊಂಡು ಜಗಲಿಗೆ ಹೋದರು.

ಸುಟ್ಟ ವೈರು ತೆಗೆದು ಹೊಸದು ಹಾಕಲು ಎರಡು ದಿನ ಹಿಡಿಯಿತು. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡಿದೆವು. ಆ ಎರಡು ದಿನ ಅತ್ತೆ ನನ್ನೊಡನೆ ಬೇಕಾದ ಮಾತಷ್ಟೇ ಆಡಿದರು. ಕ್ಷಮಿಸಿ ಎಂದು ಕೇಳಿದೆ. “ನಂಗೂ ಒಂದ್ ಮಾತ್ ಯೋಳ್ಬೇಕಿತ್ತು,” ಅಂದರು. ಅಷ್ಟೇ. ವೈರಿಂಗಿನವನು ಹೊರಡುವ ಮುಂಚೆ ಅವನನ್ನು ಕೂರಿಸಿಕೊಂಡು ಫ್ಯೂಸ್ ಕಟ್ಟುವುದನ್ನು ಕಲಿತರು. ನನ್ನಿಂದ ಕಲಿಯಲಿಲ್ಲ.

ಗಡುವಿನ ಕೊನೆಯ ದಿನ ನಾನು ಹೊರಟೆ. ಹೆಬ್ಬಾಳದವರೆಗೆ ಬಸ್ಸು, ಅಲ್ಲಿಂದ ಇನ್ನೊಂದು. ಬ್ಯಾಗಿನಲ್ಲಿ ಆರ್ಡರು, ಊಟದ ಡಬ್ಬಿ. ಹೊಸ್ತಿಲು ದಾಟುವಾಗ ಬಚ್ಚಲಿನಿಂದ ಮಾವ ನೀರಿಗೆ ಕೂಗಿದರು. ನನ್ನ ಕಾಲು ತಾನಾಗಿಯೇ ಒಳಕ್ಕೆ ತಿರುಗಿತು. ಅತ್ತೆ ಬೋರ್ಡಿನ ಮುಂದೆ ಮಣೆಯ ಮೇಲೆ ನಿಂತಿದ್ದರು. ನನ್ನತ್ತ ನೋಡದೆಯೇ, “ಬಸ್ ಓಯ್ತದೆ, ಓಗು,” ಅಂದರು.

ಹೋದೆ. ನಿವೃತ್ತಿಯವರೆಗೆ ಮೂವತ್ತೊಂದು ವರ್ಷ ಪಾಠ ಮಾಡಿದೆ. ಮೊದಲ ವರ್ಷ ಪ್ರತಿ ಸಂಜೆ ಐದು ಗಂಟೆಗೆ ಮನೆಗೆ ಬಂದಾಗ ಅತ್ತೆ ಅದೇ ಜಾಗದಲ್ಲಿ, ಬೋರ್ಡಿಗೂ ಒಲೆಗೂ ನಡುವೆ ಇರುತ್ತಿದ್ದರು. ಸ್ವಿಚ್ಚಿಗೆ ನಾನು ಕೈಚಾಚಿದರೆ ಕಣ್ಣಲ್ಲೇ ಬೇಡವೆನ್ನುತ್ತಿದ್ದರು. ಮಾವನ ಅಪ್ಪಣೆ ಇನ್ನೂ ಇತ್ತು. ಹಿಂದೆ ಅತ್ತೆ ತಿಂಗಳಿಗೊಮ್ಮೆ ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೇಲೆ ಬೆಳಿಗ್ಗೆ ಹೋದವರು ಮಧ್ಯಾಹ್ನದ ಕಾಫಿಗೆ ಒಲೆ ಹಾಕುವ ಹೊತ್ತಿಗೆ ವಾಪಸ್ ಬಂದಿರುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಅವರಿಗಿಂತ ಮೊದಲು ಆ ಮಣೆಯ ಮೇಲೆ ನಿಂತವಳು ನಾನೇ.